ಮೂವತ್ತೊಂದು ಮೆಟ್ಟಿಲ ಮನೆಯನ್ನು ನೋಡಲು ಬಂದವರು

‘ಮನೆ ಮಾರಾಟಕ್ಕಿದೆ’ ಎಂಬ ಫಲಕವನ್ನು ಕಟ್ಟಿದ್ದು ಎರಡು ಸಾವಿರದ ಇಪ್ಪತ್ತೈದನೇ ಇಸವಿಯ ಫೆಬ್ರುವರಿ ಮೂರರಂದು, ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ. ಅದಕ್ಕೆ ಹದಿನೇಳು ದಿನ ಮೊದಲು ಆಯಿ, ಅಂದರೆ ನನ್ನ ತಾಯಿ, ಮೆಟ್ಟಿಲ ಮೇಲೆ ಬಿದ್ದಿದ್ದಳು. ಒಂಬತ್ತು ದಿನ ಮೊದಲು ಹುಬ್ಬಳ್ಳಿಯ ಮೂಳೆ ವೈದ್ಯರು ಅವಳ ಎರಡೂ ಮಂಡಿಗಳ ಎಕ್ಸ್-ರೇ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಮೆಟ್ಟಿಲಿನ ಸಹವಾಸ ಬೇಡವೆಂದಿದ್ದರು. ನಾಲ್ಕು ದಿನ ಮೊದಲು ನಾನು ಶಿರಸಿಯಲ್ಲಿ, ಕೆಲಸ ಮಾಡುವ ಪ್ರಯೋಗಾಲಯದಿಂದ ಆರು ನಿಮಿಷದ ನಡಿಗೆಯಷ್ಟು ದೂರದಲ್ಲಿ, ನೆಲಮಟ್ಟದ ಒಂದು ಸಣ್ಣ ಮನೆಯನ್ನು ನೋಡಿ ಬಂದಿದ್ದೆ. ಅದರ ಯಜಮಾನರು ನಿವೃತ್ತ ಶಿಕ್ಷಕರು. ಅಕ್ಷಯ ತದಿಗೆಯವರೆಗೆ, ಅಂದರೆ ಏಪ್ರಿಲ್ ಮೂವತ್ತರವರೆಗೆ, ಮನೆಯನ್ನು ನಮಗೆಂದು ಕಾದಿರಿಸುವುದಾಗಿಯೂ ಅನಂತರ ತಮ್ಮನ್ನು ಕೇಳಬಾರದೆಂದೂ ಹೇಳಿದ್ದರು. ಯಲ್ಲಾಪುರದ ನಮ್ಮ ಮನೆಯನ್ನು ಮಾರದೆ ಅದನ್ನು ಕೊಳ್ಳುವುದು ಸಾಧ್ಯವಿರಲಿಲ್ಲ. ಹೀಗೆ ನನ್ನ ಕೈಯಲ್ಲಿ ಎಂಬತ್ತೇಳು ದಿನಗಳಿದ್ದವು.

ನಮ್ಮ ಮನೆ ಗುಡ್ಡದ ಓರೆಯಲ್ಲಿದೆ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಕಿರಿದಾದ ಜಗಲಿ, ಹಿಂದೆ ಬಾವಿ. ರಸ್ತೆಯಿಂದ ಜಗಲಿಗೆ ಮೂವತ್ತೊಂದು ಮೆಟ್ಟಿಲು. ಅಪ್ಪಯ್ಯ ಇದನ್ನು ಕಟ್ಟಿಸಿದಾಗ ಮೇಲಿನಿಂದ ಕಾಣುವ ನೋಟವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದ, ಮಂಡಿಗಳನ್ನು ತೆಗೆದುಕೊಂಡಿರಲಿಲ್ಲ. ಅವನು ತೀರಿಕೊಂಡು ನಾಲ್ಕು ವರ್ಷವಾಯಿತು. ಹುಬ್ಬಳ್ಳಿಯಿಂದ ಮರಳಿದ ದಿನ ಆಯಿಯನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಆಳುಗಳು ಹೊತ್ತು ಮೇಲಕ್ಕೆ ತಂದರು. ಓಣಿಯ ಜನ ನಿಂತು ನೋಡುತ್ತಿದ್ದರು. ಆಯಿ ಮುಖಕ್ಕೆ ಸೆರಗು ಮುಚ್ಚಿಕೊಂಡಿದ್ದಳು. ಮೇಲೆ ಬಂದು ಕುಳಿತ ಮೇಲೆ ಅವಳು ಹೇಳಿದ್ದು ಒಂದೇ ಮಾತು.

“ಇನ್ನೊಂದ್ ಸಲ ಯನ್ನ ಹೀಂಗೆ ಹೊತ್ತ್ಕಂಡು ಇಳಿಸಿದ್ರೆ, ಅದು ಕಡೇ ಸಲ ಆಗಿರಕ್ಕು.”

ಅಂದಿನಿಂದ ಅವಳು ಕೆಳಗಿಳಿದಿರಲಿಲ್ಲ. ಐವತ್ನಾಲ್ಕು ವರ್ಷದ ಹೆಂಗಸು. ಸಂಘದ ಸಭೆಗಳಿಗೆ, ನೆಂಟರ ಮನೆಗಳಿಗೆ, ಪೇಟೆಯ ಬಳೆ ಅಂಗಡಿಗೆ ಎಲ್ಲರಿಗಿಂತ ಮೊದಲು ಹೊರಡುತ್ತಿದ್ದವಳು. ಈಗ ಜಗಲಿಯ ಕಂಬಕ್ಕೆ ಒರಗಿ ಕುಳಿತು ಕೆಳಗೆ ಹೋಗುವ ಸ್ಕೂಟರುಗಳನ್ನು ನೋಡುತ್ತಿದ್ದಳು.

ನಾನು ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು. ಶಿರಸಿಯ ಪ್ರಯೋಗಾಲಯದಲ್ಲಿ ಕಾಳುಮೆಣಸು ಮತ್ತು ಏಲಕ್ಕಿಯ ತೇವಾಂಶವನ್ನು ಪರೀಕ್ಷಿಸುತ್ತೇನೆ. ಅಳೆಯದ ಸಂಗತಿಯನ್ನು ಸುಧಾರಿಸಲಾಗದು ಎಂಬುದು ನನ್ನ ನಂಬಿಕೆ. ಫಲಕ ಕಟ್ಟಿದ ಬೆಳಿಗ್ಗೆಯೇ ಇನ್ನೂರು ಪುಟಗಳ ಗೆರೆಯ ವಹಿಯೊಂದನ್ನು ತೆರೆದೆ. ದಿನಾಂಕ, ಬಂದವರ ಹೆಸರು, ಊರು, ಬಂದ ಹೊತ್ತು, ಹೋದ ಹೊತ್ತು, ಕೇಳಿದ ಪ್ರಶ್ನೆಗಳು, ಹೇಳಿದ ದೋಷಗಳು ಎಂದು ಅಂಕಣಗಳನ್ನು ಎಳೆದೆ. ಆಯಿಯ ಒತ್ತಾಯಕ್ಕೆ ‘ಏನು ಕೊಟ್ಟೆವು’ ಎಂಬ ಅಂಕಣವನ್ನೂ ಸೇರಿಸಿದೆ. ಅದೇ ಜನ ಮತ್ತೆ ಬಂದರೆ ಅದೇ ತಿಂಡಿ ಮಾಡಬಾರದೆಂಬುದು ಅವಳ ಕಾಳಜಿ. ಮೊದಲ ಪುಟದ ನೆತ್ತಿಯಲ್ಲಿ ವ್ಯಾಖ್ಯೆಯನ್ನು ಬರೆದೆ: ನೋಡಲು ಬಂದವರು ಎಂದರೆ ಹೊಸ್ತಿಲು ದಾಟಿ ಒಳಗೆ ಬಂದವರು. ರಸ್ತೆಯಲ್ಲಿ ನಿಂತು ಕತ್ತೆತ್ತಿ ನೋಡಿ ಹೋಗುವವರನ್ನು ಎಣಿಸಿದರೆ ಅಂಕಿಗಳು ಸುಳ್ಳಾಗುತ್ತವೆ ಎಂಬುದು ನನ್ನ ತರ್ಕ. ಯಾರೂ ಬಾರದ ದಿನದ ಸಾಲಿನಲ್ಲಿ ಕೆಂಪು ಶಾಯಿಯಲ್ಲಿ ಸೊನ್ನೆ.

ಆ ಸೊನ್ನೆಗಳು ಬೇಗ ಬೇಗ ಕೂಡತೊಡಗಿದವು. ಸೋಮವಾರದಿಂದ ಶುಕ್ರವಾರದವರೆಗೆ ನಾನು ಶಿರಸಿಯಲ್ಲಿರುತ್ತಿದ್ದೆ. ಬೆಳಗಿನ ಬಸ್ಸು ಉಮ್ಮಚಗಿ, ಮಂಚಿಕೇರಿ ದಾಟುವ ಹೊತ್ತಿಗೆ ಎರಡು ಸಲ, ಪ್ರಯೋಗಾಲಯದ ಒಲೆಯಲ್ಲಿ ಮೆಣಸಿನ ಮಾದರಿ ಒಣಗುವ ಹೊತ್ತಿನಲ್ಲಿ ಮೂರು ಸಲ, ಸಂಜೆ ಬಸ್ಸು ಹತ್ತುವ ಮೊದಲು ಒಂದು ಸಲ ಫೋನನ್ನು ತೆಗೆದು ನೋಡುತ್ತಿದ್ದೆ. ಮಧ್ಯಾಹ್ನ ಆಯಿಗೆ ಫೋನು ಮಾಡುತ್ತಿದ್ದೆ. ಮೊದಲ ಬುಧವಾರದ ಮಾತುಕತೆ ಹೀಗಿತ್ತು.

“ಇವತ್ತು ಯಾರಾದ್ರೂ ಬಂದಿದ್ವ?”

“ಯಾರೂ ಬೈಂದ್ವಿಲ್ಲೆ. ದ್ಯಾವಮ್ಮ ಸೊಪ್ಪು ಕೊಟ್ಟಿಕ್ಕಿ ಹೋತು, ಅಷ್ಟೇಯ.”

“ಬೋರ್ಡು ರಸ್ತೆಯಿಂದ ಕಾಣ್ತೋ ಇಲ್ಲೆಯೋ?”

“ಕಾಣ್ತಡ. ದ್ಯಾವಮ್ಮನೇ ಹೇಳ್ತಿತ್ತು, ಅಕ್ಷರ ಚೊಲೋ ದೊಡ್ಡದಾಗಿದ್ದು ಹೇಳಿ.”

ನಾನು ಸೊನ್ನೆ ಬರೆದೆ.

ದ್ಯಾವಮ್ಮ ನಂದೊಳ್ಳಿಯವಳು. ಹನ್ನೊಂದು ವರ್ಷಗಳಿಂದ ಬುಧವಾರ ಮತ್ತು ಶನಿವಾರ ತಪ್ಪದೆ ನಮ್ಮ ಮನೆಗೆ ಸೊಪ್ಪು, ತರಕಾರಿ, ಬಾಳೆಎಲೆ ತರುತ್ತಿದ್ದಳು. ಮೂವತ್ತೊಂದು ಮೆಟ್ಟಿಲನ್ನೂ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡೇ ಹತ್ತಿ, ಜಗಲಿಯ ತುದಿಯಲ್ಲಿ ಕಾಲು ಕೆಳಗೆ ಬಿಟ್ಟು ಕೂರುತ್ತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಬೋರಲಾಗಿ ಇಟ್ಟಿರುವ ಸ್ಟೀಲ್ ಲೋಟವನ್ನು ತಾನೇ ತೆಗೆದುಕೊಳ್ಳುವಳು. ಆಯಿ ಅದಕ್ಕೆ ಚಹಾ ಎರೆಯುವಳು. ಕುಡಿದ ಮೇಲೆ ತಾನೇ ತೊಳೆದು ಅಲ್ಲಿಯೇ ಬೋರಲು ಹಾಕುವಳು. ನಾನು ಹತ್ತನೇ ತರಗತಿಯಲ್ಲಿ ಓದುತ್ತಿದ್ದಾಗಿನಿಂದ ಆ ಲೋಟ ಅಲ್ಲಿಯೇ ಇತ್ತು.

ಮೊದಲ ನಾಲ್ಕು ವಾರಗಳಲ್ಲಿ ಮೂರು ದಿನ ಮಾತ್ರ ಜನ ಬಂದರು. ಅವರಲ್ಲಿ ಉಮ್ಮಚಗಿಯ ಸುಹಾಸ ಹೆಗಡೆಯವರ ಭೇಟಿ ನನಗೆ ಹೆಚ್ಚು ಭರವಸೆ ಕೊಟ್ಟಿತು. ಮಗಳನ್ನು ಯಲ್ಲಾಪುರದ ಕಾಲೇಜಿಗೆ ಸೇರಿಸುವವರು. ಪೇಟೆಯಲ್ಲಿ ಸಣ್ಣದೊಂದು ಮನೆ ಬೇಕಾಗಿತ್ತು. ಹೆಂಡತಿಯೊಂದಿಗೆ ಭಾನುವಾರ ಹತ್ತು ಮುಕ್ಕಾಲಿಗೆ ಬಂದರು. ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ಅಡುಗೆಮನೆಯ ಮೂಲೆಯ ಬಿರುಕಿನ ಎದುರು ನಿಂತು ಬಾಯಿ ತೆರೆದರು. ಅಷ್ಟರಲ್ಲಿ ಕುಡಿಯಲು ಏನು ಬೇಕೆಂದು ಕೇಳುವ ಆಯಿಯ ದನಿ ಒಳಗಿನಿಂದ ಬಂತು.

“ಆಸ್ರಿಗೆ ಎಂತ ಅಡ್ಡಿಲ್ಲೆ? ಮಜ್ಜಿಗೆಯೋ, ಕಷಾಯವೋ?”

ಮಜ್ಜಿಗೆಯಾಯಿತು. ಮಜ್ಜಿಗೆಯ ಹಿಂದೆ ಅವಲಕ್ಕಿ ಬಂತು. ಅವಲಕ್ಕಿ ಮುಗಿಯುವಷ್ಟರಲ್ಲಿ, ಹನ್ನೆರಡಾಯಿತು, ಇನ್ನು ಉಣ್ಣದೇ ಹೋಗುವುದುಂಟೇ ಎಂಬ ಮಾತಾಯಿತು. ಆಯಿ ಸ್ಟೂಲಿನ ಮೇಲೆ ಕುಳಿತೇ ಅಡುಗೆ ಮಾಡುತ್ತಿದ್ದಳು. ಆ ದಿನ ತಂಬುಳಿ, ಅಪ್ಪೆಹುಳಿ, ಹಲಸಿನ ಹಪ್ಪಳ, ಬೆಲ್ಲದ ಪಾಯಸ. ಸುಹಾಸ ಹೆಗಡೆಯವರು ಅಪ್ಪೆಹುಳಿಯನ್ನು ಮೂರು ಸಲ ಬಡಿಸಿಕೊಂಡರು. ಊಟದ ಮೇಲೆ, ತಾವು ತಟ್ಟಿ ನೋಡಿದ್ದ ಗೋಡೆಗೇ ಒರಗಿ ಎಲೆಯಡಿಕೆಯ ಕವಳ ಹಾಕಿದರು.

“ಮನೆ ಚೊಲೋ ಇದ್ದು. ಎಲ್ಲಾ ಚೊಲೋ ಇದ್ದು. ಒಂದೆರಡು ದಿನದಲ್ಲಿ ಹೇಳ್ತ್ಯ.”

ಎರಡು ಗಂಟೆ ಐವತ್ತಕ್ಕೆ ಹೋದರು. ದೋಷಗಳ ಅಂಕಣದಲ್ಲಿ ‘ಏನೂ ಹೇಳಲಿಲ್ಲ’ ಎಂದು ಬರೆದು, ಸಂತೋಷದಿಂದ ಅದರ ಕೆಳಗೆ ಗೆರೆ ಎಳೆದೆ. ಮುಂದಿನ ಗುರುವಾರ ಬೆಳಿಗ್ಗೆ ಅವರು ಉಮ್ಮಚಗಿಯಲ್ಲಿ ನನ್ನ ಬಸ್ಸನ್ನೇ ಹತ್ತಿದರು. ನನ್ನನ್ನು ಕಂಡರು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವರು ರಿಂಗಾಗದ ಫೋನನ್ನು ಕಿವಿಗೆ ಹಿಡಿದು ಕೊನೆಯ ಸೀಟಿನವರೆಗೆ ನಡೆದು ಹೋದರು.

ಮಾರ್ಚ್ ಮೂರರಿಂದ ನಾನು ಒಂದೊಂದಾಗಿ ಅಂಶಗಳನ್ನು ಬದಲಿಸಿದೆ. ಮೊದಲು ಗೋಡೆಗಳಿಗೆ ಸುಣ್ಣ ಹೊಡೆಸಿದೆ. ಬಳಿಕ ಬೆಳಿಗ್ಗೆ ಒಂಬತ್ತರ ಬೆಳಕಿನಲ್ಲಿ ಒಳಾಂಗಣದ ಹನ್ನೆರಡು ಚಿತ್ರಗಳನ್ನು ತೆಗೆದು ವಾಟ್ಸಾಪ್ ಗುಂಪುಗಳಿಗೆ ಹಾಕಿದೆ. ನಂತರ ಮೆಟ್ಟಿಲ ಬದಿಗೆ ಹಿಡಿದು ಹತ್ತಲು ಕಬ್ಬಿಣದ ಕಂಬಿ ಕೂರಿಸಿದೆ. ಪ್ರತಿಯೊಂದು ಬದಲಾವಣೆಯ ನಂತರವೂ ಒಂದು ವಾರ ಕಾದು ನೋಡಿದೆ. ಆ ಇಡೀ ತಿಂಗಳಲ್ಲಿ ಜನ ಬಂದದ್ದು ಎರಡು ದಿನ. ಶನಿವಾರ, ಭಾನುವಾರ ನಾನು ಬೆಳಿಗ್ಗೆ ಎಂಟರಿಂದಲೇ ವಹಿ ಹಿಡಿದು ಜಗಲಿಯಲ್ಲಿ ಕೂರುತ್ತಿದ್ದೆ. ಕೆಳಗೆ ಯಾವುದೇ ಕಾರು ನಿಧಾನಿಸಿದರೂ ಎದ್ದು ನಿಲ್ಲುತ್ತಿದ್ದೆ, ಕಾರು ಮುಂದೆ ಹೋಗುತ್ತಿತ್ತು, ಕೂರುತ್ತಿದ್ದೆ. ಪಕ್ಕದಲ್ಲಿ ಆಯಿ ಮತ್ತು ದ್ಯಾವಮ್ಮ ಮಾತಾಡುತ್ತಿರುತ್ತಿದ್ದರು.

“ಬ್ಯಾಸ್ಗೆಲೂ ಬಾವೀಲಿ ನೀರಿರ್ತದ್ರಾ ಅಮ್ಮ?”

“ಇರ್ತದೆ ಮಾರಾಯ್ತಿ. ಒಂದು ವರ್ಷನೂ ಬತ್ತಿದ್ದಿಲ್ಲ.”

“ಮಳೆಗಾಲ್ದಾಗೆ ಹಿಂದಿನ ಗೋಡೆ ನೆನೀತದೇನ್ರಾ? ಗುಡ್ಡದ ನೀರೆಲ್ಲ ಅಲ್ಲೇ ಇಳೀತದಲ್ರಾ, ಅದಕ್ಕೆ ಕೇಳ್ದೆ.”

“ಸ್ವಲ್ಪ ನೆನೀತದೆ. ಯಾರಾದ್ರೂ ಮನೆ ನೋಡೂಕೆ ಬಂದೋರ ಹತ್ರ ಹೇಳಬ್ಯಾಡ ಮತ್ತೆ!”

ಇಬ್ಬರೂ ನಕ್ಕರು. ನನಗೆ ಆ ಮಾತುಗಳಿಂದ ರಸ್ತೆಯ ಸದ್ದು ಕೇಳದಂತಾಗುತ್ತಿತ್ತು. ಸ್ವಲ್ಪ ಮೆಲ್ಲಗೆ ಮಾತಾಡಿ ಎಂದೆ. ಆ ಶನಿವಾರವೂ ಸೊನ್ನೆ.

ಮಾರ್ಚ್ ಇಪ್ಪತ್ತೆಂಟರ ಶುಕ್ರವಾರ ಸಂಜೆ ಬಸ್ಸಿನಿಂದ ಇಳಿದವಳು ನೇರವಾಗಿ ಮನೋಹರನ ಅಂಗಡಿಗೆ ಹೋದೆ. ಮನೋಹರ ಮುಂಡಗೋಡದ ಕಡೆಯವನು. ಬಸ್ ನಿಲ್ದಾಣದ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡು, ಜೊತೆಗೆ ಮನೆ-ಸೈಟುಗಳ ದಲ್ಲಾಳಿ ಕೆಲಸವನ್ನೂ ಮಾಡುತ್ತಿದ್ದ. ನಮ್ಮ ಮನೆಯ ವಿಷಯವನ್ನು ಅವನಿಗೆ ಮೊದಲ ವಾರವೇ ಹೇಳಿದ್ದೆ.

“ಬರ್ರಿ ತಂಗಿ, ಬರ್ರಿ. ಎಷ್ಟ ಮಂದಿ ಬಂದ್ರು?”

“ಐವತ್ತನಾಲ್ಕು ದಿನದಲ್ಲಿ ಐದು ದಿನ ಜನ ಬಂದಿದ್ದಾರೆ. ಎರಡನೇ ಸಲ ಬಂದವರು ಒಬ್ಬರೂ ಇಲ್ಲ. ನೀವು ಯಾರನ್ನೂ ಕಳಿಸ್ತಾ ಇಲ್ಲ.”

“ಕಳಸ್ತೀನಿ ಅಂದ್ರೂ ಹೋಗವಲ್ರು. ಅಂಜತಾರ.”

“ಮೆಟ್ಟಿಲಿಗಾ?”

“ಮೆಟ್ಟಲಾ ಆಮ್ಯಾಲ. ಮೊದಲ ನಿಮ್ಮವ್ವಾರ ಊಟಕ್ಕ ಅಂಜತಾರ.”

ನಾನು ವಹಿಯನ್ನು ಕೌಂಟರಿನ ಮೇಲಿಟ್ಟೆ. ಮನೋಹರ ಯಂತ್ರವನ್ನು ಆರಿಸಿ ಈ ಕಡೆ ಬಂದ.

“ನೋಡ್ರಿ ತಂಗಿ, ನೀವು ಕಲತಾಕಿ ಇದ್ದೀರಿ. ಮನಿ ನೋಡಾಕ ಹೋದಾಂವ ಏನ ಮಾಡಬೇಕು? ಇಲ್ಲಿ ಸೀಳೈತಿ, ಅಲ್ಲಿ ಸೋರತೈತಿ ಅನಬೇಕು. ರೇಟ್ ಇಳಸಬೇಕು. ಹೊಟ್ಟಿ ತುಂಬ ಪಾಯಸಾ ಕುಡದಾಂವಗ ಆ ಬಾಯಿ ಎಲ್ಲಿಂದ ಬರಬೇಕ್ರಿ? ಬ್ಯಾಡ ಅನ್ನಾಕ ನಾಚಿಕಿ. ಬೇಕು ಅನ್ನಾಕ ಮನಸಿಲ್ಲ. ಆ ಉಮ್ಮಚಗಿ ಹೆಗಡೇರು ಇಲ್ಲೇ ನಿಂತು ಹೇಳ್ಯಾರ, ‘ಆ ಮನಿಗೆ ನೋಡಾಕ ಹೋಗಬ್ಯಾಡ್ರಿ, ಉಂಡು ಬಂದ ಮ್ಯಾಲ ಆ ಹುಡುಗಿಗೆ ಮಾರಿ ತೋರ್ಸಾಕ ಆಗೂದಿಲ್ಲ’ ಅಂತ.”

“ಹಾಗಾದರೆ ಅವರು ಬಸ್ಸಿನಲ್ಲಿ…”

“ಈಗ ಮುಂಜಾನಿ ಒಂದ ತಾಸು ತಡಾ ಮಾಡಿ ಹೊಕ್ಕಾರಂತ. ನಿಮ್ಮ ಬಸ್ ತಪ್ಪಸಾಕ.”

‘ಏನು ಕೊಟ್ಟೆವು’ ಎಂಬ ಅಂಕಣವನ್ನು ಅಲ್ಲಿಯೇ ತೆರೆದು ನೋಡಿದೆ. ಐದಕ್ಕೆ ಐದೂ ಭೇಟಿಗಳಲ್ಲಿ ‘ಊಟ’ ಎಂದಿತ್ತು. ಐದಕ್ಕೆ ಐದರಲ್ಲೂ ದೋಷಗಳ ಅಂಕಣದಲ್ಲಿ ‘ಏನೂ ಹೇಳಲಿಲ್ಲ’ ಎಂದಿತ್ತು. ಐವತ್ತನಾಲ್ಕು ದಿನಗಳಿಂದ ಇವೆರಡೂ ನನ್ನದೇ ಅಕ್ಷರದಲ್ಲಿ ಅಕ್ಕಪಕ್ಕ ಕುಳಿತಿದ್ದವು.

ಆಯಿಗೆ ಈ ಮಾತನ್ನು ಹೇಳಿದಾಗ ಅವಳು ಸ್ಟೂಲಿನಿಂದ ಏಳಲು ಹೋಗಿ, ನೋವಿನಿಂದ ಮತ್ತೆ ಕುಳಿತಳು.

“ಮನೆಗೆ ಬಂದವಕ್ಕೆ ಬರೀ ನೀರು ಕೊಟ್ಟು ಕಳ್ಸಕ್ಕ? ಆನು ಒಳಗೆ ಇದ್ದಾಗ್ಲೇಯ?”

“ಮೂರೇ ವಾರ ಆಯಿ. ಇದು ಪ್ರಯೋಗ.”

“ನಿನ್ನ ಪ್ರಯೋಗಕ್ಕೆ ಯನ್ನ ಮರ್ಯಾದೆನೇ ಸಿಕ್ಕಿದ್ದ?”

“ನಿಂಗೆ ಕೆಳಗಿಳಿದು ಬಳೆ ಅಂಗಡಿಗೆ ಹೋಪದು ಬ್ಯಾಡ್ದ?”

ಅದು ಅನ್ಯಾಯದ ಮಾತೆಂದು ಆಡಿದ ಕೂಡಲೇ ನನಗೆ ತಿಳಿಯಿತು. ಆಯಿ ಬೆಲ್ಲದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, ಬೆಲ್ಲದ ತುಂಡನ್ನಾದರೂ ನೀರಿನ ಜೊತೆ ಇಡುತ್ತೇನೆ ಎಂದಳು. ಅಷ್ಟಕ್ಕೆ ಒಪ್ಪಿದೆ.

ಯುಗಾದಿಯ ಮರುದಿನ, ಮಾರ್ಚ್ ಮೂವತ್ತೊಂದರಿಂದ, ಹೊಸ ನಿಯಮ ಜಾರಿಗೆ ಬಂತು. ಮನೋಹರ ಪೇಟೆಯಲ್ಲಿ ಸುದ್ದಿ ಹಬ್ಬಿಸಿದ. ಪರಿಣಾಮ ಸ್ಪಷ್ಟವಾಗಿತ್ತು: ಮುಂದಿನ ಹತ್ತೊಂಬತ್ತು ದಿನಗಳಲ್ಲಿ ಆರು ದಿನ ಜನ ಬಂದರು. ಒಂದು ಭಾನುವಾರವಂತೂ ಎರಡು ಕುಟುಂಬಗಳು ಮೆಟ್ಟಿಲ ಮೇಲೆ ಎದುರುಬದುರಾದವು. ಅವರು ಒಳಗಿದ್ದಷ್ಟು ಹೊತ್ತು ಆಯಿ ಅಡುಗೆಮನೆಯ ಬಾಗಿಲಲ್ಲಿ, ಸ್ಟೂಲಿನ ಅಂಚನ್ನು ಎರಡೂ ಕೈಯಿಂದ ಹಿಡಿದು ಕುಳಿತಿರುತ್ತಿದ್ದಳು. ಅವರು ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, ಮುಲಾಜಿಲ್ಲದೆ ಮಾತಾಡುತ್ತಿದ್ದರು. ದೋಷಗಳ ಅಂಕಣ ಮೊದಲ ಬಾರಿಗೆ ತುಂಬಿತು. ಬಿರುಕು ಎಂದವರು ಇಬ್ಬರು. ಅಡುಗೆಮನೆ ಇಕ್ಕಟ್ಟೆಂದವರು ಮೂವರು. ಮೆಟ್ಟಿಲು ಎಂದವರು ಎಲ್ಲರೂ.

ಚಂದಗುಳಿಯಿಂದ ಬಂದ ಹಿರಿಯರೊಬ್ಬರು ಮೆಟ್ಟಿಲುಗಳನ್ನು ಗಟ್ಟಿಯಾಗಿ ಎಣಿಸುತ್ತಲೇ ಹತ್ತಿದರು. ಇಪ್ಪತ್ತೊಂಬತ್ತನೆಯದರಲ್ಲಿ ನಿಂತು ಏದುಸಿರು ಬಿಟ್ಟರು.

“ಇದು ಮನೆಯನೋ, ದೇವಸ್ಥಾನವನೋ ತಂಗಿ? ಮೇಲೊಂದು ಘಂಟೆ ಕಟ್ಟಿಡು. ಇಷ್ಟು ಹತ್ತಿದ್ದಕ್ಕೆ ಬಾರ್ಸಿಕ್ಕಿಯಾದ್ರೂ ಹೋಗ್ತೆ.”

ಬರುವವರ ಸಂಖ್ಯೆಯನ್ನು ಹೆಚ್ಚಿಸುವುದು ನನ್ನ ಕೈಯಲ್ಲಿತ್ತು. ಮೆಟ್ಟಿಲುಗಳನ್ನು ಇಳಿಸುವುದು ಇರಲಿಲ್ಲ. ಏಪ್ರಿಲ್ ಹದಿನೇಳರ ಗುರುವಾರ ಮಧ್ಯಾಹ್ನ ಶಿರಸಿಯ ಶಿಕ್ಷಕರು ಪ್ರಯೋಗಾಲಯಕ್ಕೇ ಬಂದರು. ಸಿದ್ದಾಪುರದ ಕಡೆಯ ಒಂದು ಕುಟುಂಬ ಅವರ ಮನೆಯನ್ನು ನೋಡಿ ಹೋಗಿತ್ತು. ಇವತ್ತೇ ಮುಂಗಡ ಕೊಡಲು ಸಿದ್ಧರಿದ್ದರು. ಕೊಟ್ಟ ಮಾತಿನಂತೆ ತದಿಗೆಯವರೆಗೆ ಕಾಯುತ್ತೇನೆ, ಒಂದು ದಿನವೂ ಹೆಚ್ಚಿಲ್ಲ ಎಂದು ಹೇಳಿ ಹೋದರು. ಆ ದಿನ ನಾನು ಒಂದೇ ಮಾದರಿಯನ್ನು ಎರಡು ಸಲ ತೂಗಿ, ಎರಡೂ ಸಲ ಬರೆಯಲು ಮರೆತೆ.

ರಾತ್ರಿ ಊಟದ ಹೊತ್ತಿಗೆ ಆಯಿಗೆ ಹೇಳಿದೆ. ಅವಳು ಸಮಾಧಾನದ ದನಿಯಲ್ಲಿ ಮಾತಾಡಿದ್ದು ನನ್ನನ್ನು ಹೆಚ್ಚು ಕಂಗೆಡಿಸಿತು.

“ನೀನು ಸಿರ್ಸಿಲ್ಲಿ ಒಂದು ರೂಮು ಮಾಡ್ಕ್ಯ. ದಿನಾ ಈ ಬಸ್ಸು ಸಾಕು. ಆನು ಇಲ್ಲೇ ಇರ್ತೆ. ಜಗಲಿ ಇದ್ದು, ರಸ್ತೆ ಕಾಣ್ತು. ಯಂಗೆ ಎಂತ ಆಗವು?”

ನಾನು ಒಳಗೆ ಹೋಗಿ ವಹಿಯಲ್ಲಿ ಆ ದಿನದ ಸೊನ್ನೆಯನ್ನು ಬರೆದೆ. ಶುಕ್ರವಾರಕ್ಕೆ ಇನ್ನೊಂದು. ಉಳಿದದ್ದು ಹನ್ನೆರಡು ದಿನ.

ಏಪ್ರಿಲ್ ಹತ್ತೊಂಬತ್ತು, ಶನಿವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ದ್ಯಾವಮ್ಮ ಬಂದಳು. ಬುಟ್ಟಿ ಇಳಿಸಿದಳು, ಆದರೆ ಕೂರಲಿಲ್ಲ. ಲೋಟದ ಕಡೆಗೂ ಕೈ ಚಾಚಲಿಲ್ಲ. ನಾನು ಕೆಳಗೆ ನಿಧಾನಿಸುತ್ತಿದ್ದ ಒಂದು ಕಾರನ್ನು ನೋಡುತ್ತಿದ್ದೆ.

“ಅಮ್ಮಾ, ಒಂದು ಮಾತು ಕೇಳ್ಲಾ? ಬಯ್ಬಾರ್ದು.”

“ಕೇಳು.”

“ಮನೆ ಇನ್ನೂ ಹೋಗ್ಲಿಲ್ಲ ಅಲ್ರಾ?”

“ಎಲ್ಲಿ ಹೋಗ್ತದೆ? ಬಂದೋರೆಲ್ಲ ಮೆಟ್ಲು ನೋಡಿ ಓಡ್ತಾರೆ.”

“ನಮ್ ತನುಜಂಗೆ ಬೇಕಿತ್ತು. ಬ್ಯಾಂಕ್ನೋರು ಸಾಲಕ್ಕೆ ಹೂಂ ಅಂದಾರೆ, ಕಾಗದ ಬಂದು ತಿಂಗ್ಳಾತು. ಹೊರಗೆಲ್ಲ ನೋಡಿ ಮುಗ್ದದೆ. ಒಳಗೆ ಹ್ಯಾಂಗದೆ ಹೇಳಿ ಗೊತ್ತಿಲ್ಲ. ಒಂದ್ಸಲ ಒಳಗೆ ನೋಡ್ಲಾ?”

ಕೆಳಗಿನ ಕಾರು ಮುಂದೆ ಹೋಯಿತು. ನಾನು ಏಳಲಿಲ್ಲ.

ತನುಜಾ ದ್ಯಾವಮ್ಮನ ಒಬ್ಬಳೇ ಮಗಳು. ಪೇಟೆಯ ಆಸ್ಪತ್ರೆಯಲ್ಲಿ ನರ್ಸು, ಬಾಡಿಗೆಯ ಒಂದು ಕೋಣೆಯಲ್ಲಿದ್ದಾಳೆ. ಇಷ್ಟು ನನಗೆ ತಿಳಿದಿತ್ತು. ಆಯಿಗೂ ತಿಳಿದಿತ್ತು. ಆಯಿ ದ್ಯಾವಮ್ಮನನ್ನು ನೋಡಿದಳು, ಕಿಟಕಿಯ ಕಟ್ಟೆಯನ್ನು ನೋಡಿದಳು, ಆಮೇಲೆ ಹೊಸ್ತಿಲನ್ನು ನೋಡಿದಳು.

“ಬೋರ್ಡು ಹಾಕಿ ಎಷ್ಟು ದಿನ ಆಯ್ತು! ಇಷ್ಟು ದಿನ ಎಂತಕ್ಕೆ ಕೇಳಿಲ್ಲ ನೀನು?”

“ನೀವು ಕರೀಲಿಲ್ಲಲ್ರಾ.” ದ್ಯಾವಮ್ಮನ ದನಿಯಲ್ಲಿ ದೂರು ಇರಲಿಲ್ಲ; ಬೆಂಡೆಕಾಯಿ ಈ ವಾರ ಬರಲಿಲ್ಲ ಎನ್ನುವ ಧಾಟಿಯೇ ಇತ್ತು. “ದಾರಿಹೋಕ್ರನ್ನೂ ಕರ್ದು ತೋರಿಸ್ತಿದ್ರಿ. ನಂಗೂ ಒಂದಿನ ಹೇಳ್ತೀರೇನೋ ಅಂತ ನೋಡ್ದೆ. ಬೋರ್ಡು ಕಟ್ಟಿದ್ ವಾರದಿಂದ ಬಂದಾಗೆಲ್ಲ ನೋಡ್ತಾನೇ ಇದ್ದೆ.”

ಆಯಿ ಕಂಬವನ್ನು ಹಿಡಿದು ಎದ್ದಳು. “ಬಾ ಒಳಗೆ,” ಎಂದಳು. ಆ ಎರಡು ಶಬ್ದಗಳಿಗೆ ಮುಂಚೆ ಅವಳು ತೆಗೆದುಕೊಂಡ ಸಮಯವನ್ನು ನಾನು ಅಳೆಯಲಿಲ್ಲ. ಅಳೆಯಬಹುದಾದಷ್ಟು ದೀರ್ಘವಾಗಿತ್ತು.

ದ್ಯಾವಮ್ಮ ಸೆರಗಿನಿಂದ ಪಾದಗಳನ್ನು ಒರೆಸಿಕೊಂಡು ಒಳಗೆ ಬಂದಳು. ಎರಡು ಕೋಣೆ ನೋಡಿದಳು, ಅಡುಗೆಮನೆ ನೋಡಿದಳು, ಬಿರುಕಿನ ಮೇಲೆ ಅಂಗೈ ಇಟ್ಟು ನೋಡಿದಳು. ಹನ್ನೊಂದು ನಿಮಿಷ. ಆಯಿ ಅಭ್ಯಾಸದಂತೆ ಒಲೆಯ ಕಡೆ ತಿರುಗಿದಳು.

“ಅಡುಗೆ ಆಯ್ತು. ಊ…” ಎಂದವಳು ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದಳು.

ದ್ಯಾವಮ್ಮ ನಕ್ಕಳು. “ಮೊದ್ಲು ಮನೆ ಮಾತು ಮುಗೀಲಿ ಅಮ್ಮ, ಊಟ ಆಮೇಲೆ. ಉಂಡ್ಮೇಲೆ ರೇಟು ಕೇಳೂಕೆ ಬಾಯಿ ಬರೂದಿಲ್ಲ. ಪೇಟೆಯೆಲ್ಲ ಅದೇ ಹೇಳ್ತದೆ.”

ಬಳಿಕ ಅವಳು ಬೆರಳು ಮಡಚುತ್ತ ದೋಷಗಳನ್ನು ಹೇಳಿದಳು. ಕೆಳಗಿನಿಂದ ಹನ್ನೊಂದನೇ ಮೆಟ್ಟಿಲಿನ ಕಲ್ಲು ಅಲ್ಲಾಡುತ್ತದೆ. ಮಳೆಗಾಲದಲ್ಲಿ ಇಪ್ಪತ್ತನೆಯದರ ಮೇಲೆ ಪಾಚಿ ಕಟ್ಟುತ್ತದೆ. ಪಶ್ಚಿಮದ ಕಿಟಕಿಯ ಬಾಗಿಲು ಗಾಳಿಗೆ ನಿಲ್ಲುವುದಿಲ್ಲ. ಬಾವಿಯ ರಾಟೆ ಎಣ್ಣೆ ಕಂಡಿಲ್ಲ. ಹಿಂದಿನ ಗೋಡೆ ನೆನೆಯುತ್ತದೆಂದು ಆಯಿಯೇ ಹೇಳಿದ್ದಾಳೆ. ನಾನು ಮೂವತ್ತೊಂದು ಮೆಟ್ಟಿಲುಗಳ ಎತ್ತರವನ್ನೂ ಅಳತೆಪಟ್ಟಿಯಿಂದ ಅಳೆದವಳು. ಹನ್ನೊಂದನೆಯದು ಅಲ್ಲಾಡುತ್ತದೆಂದು ನನಗೆ ತಿಳಿದಿರಲಿಲ್ಲ. ಆಮೇಲೆ ಇಳಿದು ಹೋಗಿ ಕಾಲಿನಿಂದ ಒತ್ತಿ ನೋಡಿದೆ, ಅಲ್ಲಾಡಿತು.

ಹನ್ನೆರಡೂವರೆಗೆ ತನುಜಾ ಕೆಲಸ ಮುಗಿಸಿ ಸಮವಸ್ತ್ರದಲ್ಲಿಯೇ ಬಂದಳು. ಕಂಬಿಯನ್ನು ಮುಟ್ಟದೆ ಹತ್ತಿದಳು. ಮೇಲೆ ಬಂದಾಗ ಉಸಿರು ಏರಿರಲಿಲ್ಲ.

“ಮೆಟ್ಟಿಲು ಹೆಚ್ಚಾಯ್ತು ಅನ್ನಿಸೋದಿಲ್ವಾ?” ಎಂದು ಕೇಳಿದೆ. ಮಾರುವವಳು ಕೇಳಬಾರದ ಪ್ರಶ್ನೆ ಅದು.

“ನಂದೊಳ್ಳೀಲಿ ನಮ್ಮನೆಯಿಂದ ಬಸ್ಸಿಗೆ ಬರೂಕೆ ಇದರ ನಾಲ್ಕರಷ್ಟು ಗುಡ್ಡ ಹತ್ತಿ ಇಳೀಬೇಕು ಅಕ್ಕ. ಇಲ್ಲಿ ನೀವು ಕಲ್ಲು ಹಾಸಿ ಕೊಟ್ಟೀರಿ.” ಆಮೇಲೆ ತಾಯಿಯ ಕಡೆ ತಿರುಗಿ, “ಅವ್ವ, ನೀ ಹೇಳ್ದಂಗೆ ಬಾವಿ ನೀರು ಸಿಹಿನೇ ಅದೆ,” ಎಂದಳು.

ಎರಡು ಗಂಟೆಯ ಹೊತ್ತಿಗೆ ಮಾತು ಮುಗಿಯಿತು. ಅಲ್ಲಾಡುವ ಮೆಟ್ಟಿಲಿಗೂ ನೆನೆಯುವ ಗೋಡೆಗೂ ಆಯಿ ಸ್ವಲ್ಪ ಇಳಿಸಿದಳು. ದ್ಯಾವಮ್ಮ ತಾನು ಮೊದಲು ಹೇಳಿದ್ದಕ್ಕಿಂತ ಸ್ವಲ್ಪ ಏರಿದಳು. ಸೋಮವಾರ ಕರಾರು ಬರೆಸುವುದೆಂದಾಯಿತು. ನಾನು ಜಗಲಿಯಿಂದಲೇ ಶಿರಸಿಯ ಶಿಕ್ಷಕರಿಗೆ ಫೋನು ಮಾಡಿದೆ. ಮುಂಗಡ ತದಿಗೆಗೆ ಮೊದಲೇ ಬರುವುದಾದರೆ ಸಿದ್ದಾಪುರದವರಿಗೆ ಇವತ್ತೇ ಇಲ್ಲವೆನ್ನುತ್ತೇನೆ ಎಂದರು. ಒಳಗೆ ಆಯಿ ದ್ಯಾವಮ್ಮ ತಂದ ಬಾಳೆಎಲೆಗಳನ್ನೇ ನಾಲ್ಕಾಗಿ ಹಾಸಿದ್ದಳು, ಒಂದೇ ಕೋಣೆಯಲ್ಲಿ, ಒಂದೇ ಸಾಲಿನಲ್ಲಿ. ಮೂರು ವಾರದಿಂದ ತಡೆದಿದ್ದ ಅಪ್ಪೆಹುಳಿ ಬಂತು. ಎರಡು ಸಲ ಬಂತು. ಕಿಟಕಿಯ ಕಟ್ಟೆಯ ಮೇಲಿನ ಲೋಟ ಆ ದಿನ ಬೋರಲಾಗಿಯೇ ಉಳಿಯಿತು.

“ಸಿರ್ಸಿಲ್ಲಿ ಸೊಪ್ಪು ಯಾರು ತಂದುಕೊಡ್ತಾರೇನ,” ಎಂದಳು ಆಯಿ, ಬಡಿಸುತ್ತ.

“ಶನಿವಾರ ಬಸ್ಸಿಗೆ ಹಾಕಿ ಕಳಿಸ್ತೆ ಬಿಡಿ. ಇಳಿಸ್ಕಳೂಕೆ ನಿಮಗೆ ಮೆಟ್ಲಿಲ್ಲ ಅಲ್ರಾ ಇನ್ನು.”

ಅವರು ಹೋದ ಮೇಲೆ ವಹಿಯನ್ನು ತೆಗೆದೆ. ಫೆಬ್ರುವರಿ ಮೂರರಿಂದ ಏಪ್ರಿಲ್ ಹದಿನೆಂಟರವರೆಗೆ ಎಪ್ಪತ್ತೈದು ದಿನ. ಜನ ಬಂದ ದಿನಗಳು ಹನ್ನೊಂದು, ಸೊನ್ನೆಗಳು ಅರವತ್ತನಾಲ್ಕು. ಕ್ಯಾಲೆಂಡರನ್ನು ಪಕ್ಕದಲ್ಲಿಟ್ಟುಕೊಂಡು ಬುಧವಾರ ಮತ್ತು ಶನಿವಾರಗಳನ್ನು ಗುರುತಿಸಿದೆ. ಅವು ಇಪ್ಪತ್ತೊಂದು. ಶಿವರಾತ್ರಿಯ ಬುಧವಾರ ದ್ಯಾವಮ್ಮ ಬಂದಿರಲಿಲ್ಲ, ಉಳಿದದ್ದು ಇಪ್ಪತ್ತು. ಅವುಗಳಲ್ಲಿ ನಾಲ್ಕು ಶನಿವಾರ ಬೇರೆಯವರೂ ಬಂದಿದ್ದರಿಂದ ಆ ಸಾಲುಗಳಲ್ಲಿ ಸೊನ್ನೆ ಇರಲಿಲ್ಲ. ಮೊದಲ ಪುಟದ ನೆತ್ತಿಯಲ್ಲಿದ್ದ ವ್ಯಾಖ್ಯೆಯ ಮೇಲೆ ಒಂದು ಗೆರೆ ಎಳೆದೆ. ಕೊನೆಯ ಪುಟದಲ್ಲಿ ಫಲಿತಾಂಶವನ್ನು ಬರೆದೆ.

ಅರವತ್ತನಾಲ್ಕು ಸೊನ್ನೆಗಳ ಪೈಕಿ ಹದಿನಾರು ತಪ್ಪು. ಆ ಹದಿನಾರೂ ದಿನ ಮನೆ ನೋಡುವವರು ಬಂದಿದ್ದರು.